ಪುಟಾಣಿ ಪ್ರಾಣಿಗೆ ರಕ್ತ ಪರೀಕ್ಷೆಯೇ? ಮೊದಲು ತೂಕ ಹಾಕಿಸಿ

ದೊಡ್ಡ ನಾಯಿಯಿಂದ 5 ಎಂ.ಎಲ್. ರಕ್ತ ತೆಗೆದರೆ ಅದಕ್ಕೆ ಗೊತ್ತೂ ಆಗದು. ನೂರು ಗ್ರಾಂ ತೂಗುವ ಹ್ಯಾಮ್‌ಸ್ಟರ್‌ನ ಮೈಯಲ್ಲಿರುವ ರಕ್ತವೇ ಒಟ್ಟು 7–8 ಎಂ.ಎಲ್. ಮೊಲ, ಗಿನಿಪಿಗ್, ಹಕ್ಕಿಗಳ ರಕ್ತ ಪರೀಕ್ಷೆಯಲ್ಲಿ ಅಪಾಯವಿರುವುದು ಮುಖ್ಯವಾಗಿ ಎರಡು ಕಡೆ: ತೆಗೆಯುವ ಪ್ರಮಾಣದಲ್ಲಿ ಮತ್ತು ಹಿಡಿಯುವ ಕೈಯಲ್ಲಿ.

ಹೊರಡುವ ಮುನ್ನ: ಮೊಲ, ಗಿನಿಪಿಗ್‌ಗಳನ್ನು ಉಪವಾಸ ಕೆಡವಬೇಡಿ. ಆ ನಿಯಮ ನಾಯಿ, ಬೆಕ್ಕಿಗೆ. ಇವು ವಾಂತಿ ಮಾಡಲಾರವು; ಮೇವು ತಪ್ಪಿದರೆ ಕರುಳಿನ ಚಲನೆ ನಿಂತು ಜೀವಕ್ಕೇ ಸಂಚಕಾರ. ಪೆಟ್ಟಿಗೆಯಲ್ಲಿ ಹುಲ್ಲಿರಲಿ, ಮೇಲೊಂದು ಬಟ್ಟೆ ಹೊದಿಸಿ, ಬೊಗಳುವ ನಾಯಿಗಳಿಂದ ದೂರ ಕೂರಿ.

ಸೂಜಿ ಚುಚ್ಚುವ ಮುನ್ನ: ಗ್ರಾಂ ಲೆಕ್ಕದಲ್ಲಿ ತೂಕ ಹಾಕಿಸಿ. ಆರೋಗ್ಯವಂತ ಪ್ರಾಣಿಯಿಂದ ಒಮ್ಮೆಗೆ ಅದರ ತೂಕದ ಶೇ 1ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. 30 ಗ್ರಾಂನ ಬಜ್ಜಿಗೆ (ನಮ್ಮ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಮಾರುವುದು ಬಹುತೇಕ ಇದನ್ನೇ) ಆ ಮಿತಿ 0.3 ಎಂ.ಎಲ್., ಅಂದರೆ ಐದಾರು ಹನಿ. ಕಾಯಿಲೆಯಿಂದ ಸೊರಗಿದ್ದರೆ ಇನ್ನೂ ಕಡಿಮೆ. ಆದ್ದರಿಂದ ‘ಎಷ್ಟು ತೆಗೀತೀರಿ ಡಾಕ್ಟ್ರೇ, ಯಾವ ಪರೀಕ್ಷೆ ಬೇಕೇಬೇಕು?’ ಎಂದು ಕೇಳಿ. ಕೆಲವೇ ದಿನಗಳ ಹಿಂದೆ ರಕ್ತ ತೆಗೆದಿದ್ದರೆ ಅದನ್ನೂ ಹೇಳಿ.

ಹಿಡಿಯುವಾಗ: ಗಾಬರಿಯಾದ ಮೊಲ ಹಿಂಗಾಲು ಝಾಡಿಸಿದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು, ಅದರ ಹಿಂಭಾಗಕ್ಕೆ ಆಸರೆ ಇರಲೇಬೇಕು. ಹಕ್ಕಿಗೆ ನಮ್ಮಂತೆ ವಪೆ ಇಲ್ಲ. ಎದೆಗೂಡು ಆಡಿದರಷ್ಟೇ ಉಸಿರು. ಎದೆ ಅಮುಕಿ ಹಿಡಿದರೆ ಸೂಜಿ ತಾಗುವ ಮೊದಲೇ ಸಾಯಬಹುದು. ಕೊಕ್ಕು ತೆರೆದು ಏದುಸಿರು ಬಿಡತೊಡಗಿದರೆ ಅಂದಿಗೆ ನಿಲ್ಲಿಸುವುದೇ ಸರಿ.

ಮೊಲಕ್ಕೆ ಕಿವಿಯಂಚಿನ ಅಥವಾ ಹಿಂಗಾಲಿನ ನರ, ಹಕ್ಕಿಗೆ ಕತ್ತಿನ ಬಲಬದಿಯ ನರ ಅನುಕೂಲ. ಗಿನಿಪಿಗ್ ಕಷ್ಟದ ಗಿರಾಕಿ: ಕಾಲಿನ ನರದಲ್ಲಿ ಸಿಗುವುದು ಅಲ್ಪ. ಎದೆಯ ಬಳಿಯ ದೊಡ್ಡ ನರಕ್ಕೆ ಚುಚ್ಚುವುದಾದರೆ ಒಳಗೇ ರಕ್ತ ಸೋರುವ ಅಪಾಯವಿದೆ, ಮಂಪರು ಕೊಟ್ಟು, ನುರಿತವರೇ ಮಾಡಬೇಕು. ಹಕ್ಕಿಯ ಉಗುರು ಕತ್ತರಿಸಿ ರಕ್ತ ಹಿಡಿಯುತ್ತೇವೆಂದರೆ ಬೇಡ ಎನ್ನಿ. ನೋವೂ ಹೆಚ್ಚು, ಫಲಿತಾಂಶವೂ ನೆಚ್ಚುವಂತಿರದು.

ಆಮೇಲೆ: ಹತ್ತಿಯಿಂದ ಒಂದೆರಡು ನಿಮಿಷ ಒತ್ತಿಹಿಡಿದು, ರಕ್ತ ನಿಂತದ್ದನ್ನು ಕಣ್ಣಾರೆ ನೋಡಿಯೇ ಹೊರಡಿ. ಮನೆಯಲ್ಲಿ ಮೊಲ ಅಥವಾ ಗಿನಿಪಿಗ್ ಮೇವು ಬಿಟ್ಟರೆ, ಹಿಕ್ಕೆ ಹಾಕದಿದ್ದರೆ, ಹಕ್ಕಿ ಪುಕ್ಕ ಉಬ್ಬಿಸಿ ಪಂಜರದ ತಳದಲ್ಲಿ ಕೂತರೆ ಬೆಳಗಾಗಲಿ ಎಂದು ಕಾಯದೆ ವೈದ್ಯರಿಗೆ ಫೋನ್ ಮಾಡಿ.