ಮೆಸ್ಸಿನ ಗಂಜಿತಿಳಿಯಿಂದ ಕರೆಂಟು ಬರುತ್ತಾ?

2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜರಿದು, ಮಂದಾರದ ಮನೆಗಳು ಮತ್ತು ಅಡಿಕೆ ತೋಟಗಳ ಮೇಲೆ ಹರಿಯಿತು. ಮಂಗಳೂರಿನ ನಾವೆಲ್ಲ ಹೊರಗೆ ಹಾಕಿದ ಕಸವೇ ಅದು. ಹಾಗಾದರೆ ಮೆಸ್ಸಿನಲ್ಲಿ ಉಳಿದ ಅನ್ನ, ಕುಚ್ಚಲಕ್ಕಿ ಗಂಜಿತಿಳಿಯಿಂದ ಕ್ಯಾಂಪಸ್ಸಿನಲ್ಲೇ ಕರೆಂಟು ತೆಗೆಯಬಹುದಾ? ಪ್ರಾಜೆಕ್ಟಿಗೆ ಮೈಕ್ರೋಬಿಯಲ್ ಫ್ಯುಯೆಲ್ ಸೆಲ್ ಆಯ್ದುಕೊಳ್ಳುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ.

ತತ್ವ ಹಳೆಯದು. ಸೂಕ್ಷ್ಮಜೀವಿಗಳಿಂದ ವಿದ್ಯುತ್ ಬರುತ್ತದೆಂದು ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಎಂ. ಸಿ. ಪಾಟರ್ 1911ರಲ್ಲೇ ತೋರಿಸಿದ್ದರು. ಆಮ್ಲಜನಕ ಇಲ್ಲದ ಆನೋಡ್ ಕೋಣೆಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಪಿಷ್ಟವನ್ನು ಸಕ್ಕರೆಯಾಗಿ, ಮುಂದೆ ಅಸಿಟೇಟ್ ಆಗಿ ಒಡೆಯುತ್ತವೆ. ಜಿಯೋಬ್ಯಾಕ್ಟರ್‌ನಂಥವು ಅದನ್ನು ತಿಂದು ಎಲೆಕ್ಟ್ರಾನುಗಳನ್ನು ಕಾರ್ಬನ್ ಎಲೆಕ್ಟ್ರೋಡಿಗೆ ಕೊಡುತ್ತವೆ. ಎಲೆಕ್ಟ್ರಾನು ತಂತಿಯಲ್ಲಿ, ಪ್ರೋಟಾನು ಪೊರೆಯ ಮೂಲಕ ಕ್ಯಾಥೋಡಿಗೆ ಹೋಗಿ, ಆಮ್ಲಜನಕದ ಜೊತೆ ಸೇರಿ ನೀರಾಗುತ್ತವೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಶುರುವಿಗೆ ಒಂದಿಷ್ಟು ಹೊಳೆಯ ಕೆಸರು ಅಥವಾ ಗೋಬರ್ ಗ್ಯಾಸ್ ಗುಂಡಿಯ ಬಗ್ಗಡ ಸೇರಿಸಿದರಾಯಿತು. ಗಂಜಿತಿಳಿ ಬೇಗ ಹುಳಿಯಾಗುತ್ತೆ, ಆದ್ದರಿಂದ ಪಿಎಚ್ 7ರ ಆಸುಪಾಸು ಇಡಬೇಕು.

ಈಗ ಲೆಕ್ಕ. 1 ಕೆ.ಜಿ. ಸಿಓಡಿ ಅಂದರೆ 1 ಕೆ.ಜಿ. ಆಮ್ಲಜನಕ ಬೇಡುವಷ್ಟು ಕೊಳೆ. ಅದರಲ್ಲಿ 125 ಮೋಲ್ ಎಲೆಕ್ಟ್ರಾನು, ಅಂದರೆ ಸುಮಾರು 3350 ಆಂಪಿಯರ್-ಗಂಟೆ. ಲೋಡ್ ಕೊಟ್ಟಾಗ ಸೆಲ್ 0.3 ವೋಲ್ಟ್ ನಿಂತರೆ 1 ಯೂನಿಟ್. ಎಲೆಕ್ಟ್ರಾನುಗಳಲ್ಲಿ 30% ಮಾತ್ರ ತಂತಿಗೆ ಬಂದರೆ 0.3 ಯೂನಿಟ್.

ಅದೇ ಕೊಳೆಯಿಂದ ಬಯೋಗ್ಯಾಸ್ ಮಾಡಿದರೆ ಗರಿಷ್ಠ 0.35 ಘನ ಮೀಟರ್ ಮೀಥೇನ್. ಅದರ 80% ಸಿಕ್ಕಿ, ಜನರೇಟರ್ ದಕ್ಷತೆ 30% ಇದ್ದರೂ 0.8 ಯೂನಿಟ್ ಆಯಿತು. ಒಲೆಗೇ ಉರಿಸಿದರೆ ಇನ್ನೂ ಲಾಭ.

ಹಾಗಾಗಿ ಅನ್ನ, ಪಲ್ಯದಂಥ ಗಟ್ಟಿ ಕಸಕ್ಕೆ ಬಯೋಗ್ಯಾಸೇ ಸರಿ. ಈ ಸೆಲ್ಲಿನ ಜಾಗ ಪಾತ್ರೆ ತೊಳೆದ ತೆಳು ನೀರಿನಲ್ಲಿದೆ. ಸಾಮಾನ್ಯ ಶುದ್ಧೀಕರಣ ಘಟಕದಲ್ಲಿ ಗಾಳಿ ಊದುವ ಬ್ಲೋವರಿಗೇ ಕರೆಂಟು ಸುರಿಯಬೇಕು. ಇಲ್ಲಿ ಕ್ಯಾಥೋಡನ್ನು ಹೊರಗಿನ ಗಾಳಿಗೆ ತೆರೆದಿಟ್ಟರೆ ಆ ಖರ್ಚಿಲ್ಲದೆ ನೀರಿನ ಕೊಳೆ ಇಳಿಯುತ್ತೆ.

ಪ್ರಾಜೆಕ್ಟ್ ಮಾಡುವ ಗೆಳೆಯರೇ, ಎಲ್‌ಇಡಿ ಹೊತ್ತಿಸಿ ಫೋಟೋ ತೆಗೆದರೆ ಸಾಲದು. ಓಪನ್ ಸರ್ಕ್ಯೂಟ್ ವೋಲ್ಟೇಜ್ ಒಂದನ್ನೇ ಬರೆಯಬೇಡಿ. ಬೇರೆ ಬೇರೆ ರೆಸಿಸ್ಟರ್ ಹಾಕಿ ಪವರ್ ಅಳೆಯಿರಿ, ಜೊತೆಗೆ ಸಿಓಡಿ ಎಷ್ಟು ಇಳಿಯಿತೆಂದು ಪ್ರತಿದಿನ ನೋಡಿ. ಪಚ್ಚನಾಡಿಗೆ ಹೋಗುವ ಲಾರಿಯ ಭಾರ ಮಾತ್ರ ಈ ಸೆಲ್ಲಿನಿಂದ ಇಳಿಯುವುದಿಲ್ಲ. ಅದಕ್ಕೆ ಮೆಸ್ಸಿನಲ್ಲೇ ಹಸಿಕಸ ಬೇರೆ ಮಾಡಿ ಬಯೋಗ್ಯಾಸ್ ಗುಂಡಿಗೆ ಹಾಕಬೇಕು, ತಟ್ಟೆಗೆ ಬೇಕಾದಷ್ಟೇ ಬಡಿಸಿಕೊಳ್ಳಬೇಕು.