ಮೂರನೇ ಬೆಲ್ ಆದ ಮೇಲೆ

ಮೊಬೈಲ್ ಬಿಡುವುದು ಹೇಗೆ ಎಂಬ ಉಪದೇಶವೂ ಈಗ ಮೊಬೈಲಿನಲ್ಲೇ ಬರುತ್ತದೆ. ಮಲಗುವ ಕೋಣೆಯಲ್ಲಿ ಚಾರ್ಜಿಗೆ ಹಾಕಬೇಡಿ, ಪರದೆಯ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿಕೊಳ್ಳಿ, ಆ್ಯಪುಗಳಿಗೆ ಹೊತ್ತು ಗೊತ್ತುಮಾಡಿ, ಭಾನುವಾರ ಉಪವಾಸ ಮಾಡಿ. ಇವನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದವಳು ನಾನು. ಯಾವುದೂ ಸುಳ್ಳಲ್ಲ, ಆದರೆ ಯಾವುದೂ ಸಾಲಲಿಲ್ಲ. ಫೋನ್ ಕೆಳಗಿಟ್ಟ ಮೇಲೆ ಸಂಜೆ ಏಳು ಗಂಟೆಗೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಆ ಸಲಹೆಗಳಲ್ಲಿ ಉತ್ತರವಿರಲಿಲ್ಲ.

ಕೋವಿಡ್ ಕಾಲದಲ್ಲಿ ಮನೆಗೆ ಬಂದ ಆಫೀಸು ನನ್ನ ಪಾಲಿಗೆ ವಾಪಸು ಹೋಗಲೇ ಇಲ್ಲ. ಬನಶಂಕರಿಯ ಎರಡನೇ ಮಹಡಿಯ ಮನೆಯಲ್ಲಿ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಕತ್ತಲಾದ ಮೇಲೆ ಮುಚ್ಚುವುದು. ಹಾಲು, ಸೊಪ್ಪು, ಮಾತ್ರೆ, ಇಸ್ತ್ರಿ ಬಟ್ಟೆ ಎಲ್ಲವೂ ಬಾಗಿಲಿಗೇ ಬರುತ್ತವೆ. ವಾರವೆಲ್ಲ ನನ್ನ ಬಾಯಿಂದ ಹೊರಟ ಮಾತುಗಳನ್ನು ಕೂಡಿಸಿದರೆ ಹೆಡ್‌ಫೋನಿನಲ್ಲಿ ಆಡಿದ್ದು ಒಂದು ಪಾಲು, ಡೆಲಿವರಿ ಹುಡುಗರಿಗೆ ಓಟಿಪಿ ಹೇಳಿದ್ದು ಇನ್ನೊಂದು ಪಾಲು. ಇಂಥ ಮನೆಯಲ್ಲಿ ಕೂತು ಫೋನ್ ಮುಟ್ಟುವುದಿಲ್ಲ ಎಂದು ಹಟ ಹಿಡಿದರೆ ಗೋಡೆ ನೋಡುತ್ತ ಕೂರಬೇಕಾಗುತ್ತದೆ. ಅದಕ್ಕೆ ಹೊರಗೆ ಹೊರಟೆ. ಈ ಕೆಲವು ವರ್ಷಗಳಲ್ಲಿ ತಿಳಿದುಕೊಂಡದ್ದು ಇಷ್ಟೇ: ಫೋನ್ ಬಿಡಿಸುವ ಶಕ್ತಿ ಇರುವುದು ಹೊತ್ತಿಗೆ ಸರಿಯಾಗಿ ಹೋಗಲೇಬೇಕಾದ ಒಂದು ಜಾಗಕ್ಕೆ, ಅಲ್ಲಿ ನಮ್ಮ ದಾರಿ ನೋಡುವ ನಾಲ್ಕು ಜನಕ್ಕೆ.

ಮೊದಲು ಹೋದದ್ದು ಕಬ್ಬನ್ ಪಾರ್ಕಿಗೆ. 2023ರ ಆರಂಭದಲ್ಲಿ ಇಬ್ಬರು ಗೆಳೆಯರಿಂದ ಶುರುವಾದ ‘ಕಬ್ಬನ್ ರೀಡ್ಸ್’ ಎಂಬ ಓದುಗರ ಕೂಟ ಶನಿವಾರಗಳಂದು ಅಲ್ಲಿ ಸೇರುತ್ತದೆ. ಇದರಿಂದ ಸ್ಫೂರ್ತಿ ಪಡೆದ ಕೂಟಗಳು ಆಮೇಲೆ ಬೇರೆ ಊರುಗಳಲ್ಲೂ ಹುಟ್ಟಿಕೊಂಡವು. ಹೆಸರು ನೋಂದಾಯಿಸುವುದಿಲ್ಲ, ಭಾಷಣವಿಲ್ಲ, ಚರ್ಚೆಯಿಲ್ಲ. ಚಾಪೆ ಹಾಸಿ, ಪುಸ್ತಕ ತೆರೆದು, ಸುಮ್ಮನೆ ಓದುವುದು. ಹೊಸಬರ ಜೊತೆ ಮಾತಾಡಲು ಹಿಂಜರಿಯುವ ನನ್ನಂಥವರಿಗೆ ಹೇಳಿ ಮಾಡಿಸಿದ ಜಾಗ. ನನ್ನ ಕೈಯಲ್ಲಿ ತೇಜಸ್ವಿ, ಪಕ್ಕದ ಹುಡುಗನ ಕೈಯಲ್ಲಿ ಯಾವುದೋ ಇಂಗ್ಲಿಷ್ ಕಾದಂಬರಿ, ಅದರಾಚೆ ಬೆನ್ನಿಗೆ ಬ್ಯಾಗ್ ಒರಗಿಸಿಕೊಂಡು ಮಲಯಾಳಂ ಓದುತ್ತಿದ್ದ ಒಬ್ಬರು. ಸುತ್ತ ಎಲ್ಲರೂ ಓದುತ್ತಿರುವಾಗ ನಾನೊಬ್ಬಳೇ ಫೋನ್ ತೆಗೆಯಲು ಕೈ ಬರಲಿಲ್ಲ. ಮನೆಯಲ್ಲಿ ಹತ್ತು ಪುಟಕ್ಕೆ ಆಕಳಿಸುತ್ತಿದ್ದವಳು ಅಲ್ಲಿ ಮಧ್ಯಾಹ್ನದವರೆಗೆ ಓದಿದೆ. ಒಬ್ಬರೇ ಪಾಲಿಸಲಾಗದ ಶಿಸ್ತನ್ನು ಹತ್ತು ಜನ ಸೇರಿದರೆ ಸಲೀಸಾಗಿ ಪಾಲಿಸಬಹುದು ಎಂಬ ಪಾಠ ಸಿಕ್ಕಿದ್ದು ಅಲ್ಲಿ. ಅದಕ್ಕೊಂದು ಮಿತಿಯೂ ಇತ್ತು. ವಾರಗಟ್ಟಲೆ ಅಕ್ಕಪಕ್ಕ ಕೂತರೂ ಯಾರ ಹೆಸರೂ ತಿಳಿಯಲಿಲ್ಲ. ಒಂದು ಶನಿವಾರ ನಾನು ಹೋಗದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಲಾಲ್‌ಬಾಗಿಗೆ ಹೋದೆ. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಅಲ್ಲಿ ಹಕ್ಕಿ ನೋಡುವವರು ಸೇರುತ್ತಾರೆ. ದಶಕಗಳಿಂದ ನಡೆದು ಬಂದ ಪದ್ಧತಿ ಇದು. ಕುಟ್ರು ಹಕ್ಕಿಯ ಕೂಗು ಕೇಳಿದ ಕೂಡಲೇ ತಲೆಯೆತ್ತದೆ ಅದು ಯಾವ ಕೊಂಬೆಯಲ್ಲಿದೆ ಎಂದು ಹೇಳಬಲ್ಲ ಹಿರಿಯರನ್ನು ನಾನು ಕಂಡದ್ದು ಅಲ್ಲೇ. ಆದರೆ ಹಕ್ಕಿಯ ಫೋಟೊ ಹಿಡಿಯಲು, ಕೂಗು ಗುರುತಿಸಲು, ಪಟ್ಟಿ ಬರೆದಿಡಲು ಫೋನೇ ಬೇಕಾಗಿತ್ತು. ಪಟ್ಟಿ ಬರೆಯಲು ತೆಗೆದ ಫೋನಿನಲ್ಲಿ ಆಫೀಸಿನ ಮೇಲ್ ಕಾಣಿಸಿತು. ಎಲ್ಲಿ ಫೋನಿಗೊಂದು ಕೆಲಸವಿರುತ್ತದೋ ಅಲ್ಲಿ ಅದು ತನ್ನ ಬಳಗವನ್ನೆಲ್ಲ ಕಟ್ಟಿಕೊಂಡೇ ಬರುತ್ತದೆ. ಲಾಲ್‌ಬಾಗಿಗೆ ಈಗಲೂ ಹೋಗುತ್ತೇನೆ. ಆಫ್‌ಲೈನ್ ಆಗಲೆಂದು ಹೋಗುವುದಿಲ್ಲ.

ಹೀಗೆ ಕೂಟಗಳನ್ನು ಹುಡುಕುತ್ತ ಹೋದಾಗ ಇವೇನೂ ಹೊಸ ತಲೆಮಾರಿನ ಆವಿಷ್ಕಾರಗಳಲ್ಲ ಎಂದೂ ಕಂಡುಬಂತು. ಡಿ.ವಿ.ಜಿ. ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು 1945ರಲ್ಲಿ. ಬಸವನಗುಡಿಯ ವರ್ಲ್ಡ್ ಕಲ್ಚರ್ ಸಂಸ್ಥೆಯೂ ಅದೇ ವರ್ಷದ್ದು. ಎರಡೂ ಕಡೆ ಸಂಜೆಯ ಉಪನ್ಯಾಸಕ್ಕೆ ಹೋಗಿ ಕೂತಿದ್ದೇನೆ. ತಲೆ ನೆರೆತವರೇ ಹೆಚ್ಚು. ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಮಾತಾಡುವ ರೂಢಿ ಅವರಲ್ಲಿ ಇನ್ನೂ ಉಳಿದಿದೆ.

ನಾಟಕದ ಕಡೆ ಹೊರಳಿದ್ದು ಇಷ್ಟೆಲ್ಲ ಆದ ಮೇಲೆ. ಜೆ.ಪಿ. ನಗರದ ರಂಗಶಂಕರ ನಮ್ಮ ಮನೆಗೆ ದೂರವಲ್ಲ. 1990ರಲ್ಲಿ ತೀರಿಕೊಂಡ ಶಂಕರ್ ನಾಗ್ ಅವರ ಕನಸನ್ನು ಅರುಂಧತಿ ನಾಗ್ ಮತ್ತು ಗೆಳೆಯರು ಹಟ ಹಿಡಿದು ಕಟ್ಟಡವಾಗಿಸಿ 2004ರಲ್ಲಿ ತೆರೆದರು. ಅಲ್ಲಿನ ಒಂದು ನಿಯಮ ಊರಿಗೆಲ್ಲ ಗೊತ್ತು: ತಡವಾಗಿ ಬಂದವರಿಗೆ ಒಳಗೆ ಪ್ರವೇಶವಿಲ್ಲ. ಟ್ರಾಫಿಕ್ಕಿನ ನೆಪ ಬೆಂಗಳೂರಿನಲ್ಲಿ ಎಲ್ಲ ಕಡೆ ನಡೆಯುತ್ತದೆ, ಆ ಬಾಗಿಲಲ್ಲಿ ನಡೆಯುವುದಿಲ್ಲ. ಈ ಕಟ್ಟುನಿಟ್ಟು ಮೊದಮೊದಲು ಅತಿಯೆನಿಸಿತು. ನನ್ನನ್ನು ಲ್ಯಾಪ್‌ಟಾಪ್ ಮುಂದಿನಿಂದ ಎಬ್ಬಿಸಿದ್ದೇ ಅದು ಎಂದು ಆಮೇಲೆ ಅರ್ಥವಾಯಿತು. ಏಳೂವರೆಗೆ ನಾಟಕವೆಂದರೆ ಆರಕ್ಕೇ ಕೆಲಸ ಮುಗಿಸಬೇಕು. ‘ಇನ್ನೊಂದು ಹತ್ತು ನಿಮಿಷ’ ಎನ್ನುವಂತಿಲ್ಲ. ಓಟಿಟಿಯ ಸಿನಿಮಾ ನಮಗಾಗಿ ರಾತ್ರಿಯೆಲ್ಲ ಕಾಯುತ್ತದೆ, ನಾಟಕ ಕಾಯುವುದಿಲ್ಲ.

ಮೂರನೇ ಬೆಲ್ ಆಗಿ ದೀಪ ಆರಿದ ಮೇಲೆ ಅರ್ಧ ಗಂಟೆಯೊಳಗೆ ನನ್ನ ಕೈ ತಾನಾಗಿ ಬ್ಯಾಗಿನತ್ತ ಹೋಗುತ್ತಿತ್ತು. ಯಾರ ಕರೆಯೂ ಇಲ್ಲ, ಏನೂ ಇಲ್ಲ, ಬರೀ ಅಭ್ಯಾಸ. ಎದುರಿಗೆ ಹತ್ತಡಿ ದೂರದಲ್ಲಿ ಒಬ್ಬ ಮನುಷ್ಯ ಬೆವರುತ್ತ, ಉಸಿರು ಬಿಗಿಹಿಡಿದು ಮಾತಾಡುತ್ತಿರುವಾಗ ಆ ಕೈ ಹಿಂದೆ ಬರುತ್ತಿತ್ತು. ಒಮ್ಮೆ ನಾಟಕ ಮುಗಿದು ಕ್ಯಾಂಟೀನಿನ ಹತ್ತಿರ ನಿಂತಿದ್ದಾಗ ನಟರೊಬ್ಬರು ಹೇಳಿದ ಮಾತು ನೆನಪಿದೆ: “ನೀವು ಕತ್ತಲಲ್ಲಿ ಕೂತಿದ್ದೀವಿ, ನಾವು ಕಾಣಲ್ಲ ಅಂದ್ಕೊಂಡಿರ್ತೀರಾ ಮೇಡಂ. ಯಾರಾದ್ರೂ ಫೋನ್ ತೆಗೆದ್ರೆ ಅವರ ಮುಖ ಒಂದೇ ನೀಲಿಯಾಗಿ ಹೊಳೀತಿರುತ್ತೆ. ನಮಗೆ ಡೈಲಾಗೇ ಮರೆತುಹೋಗತ್ತೆ.” ನಾವು ನೋಡುವವರು ಮಾತ್ರವಲ್ಲ, ನಮ್ಮನ್ನೂ ಅವರು ನೋಡುತ್ತಿದ್ದಾರೆ ಎಂದು ತಿಳಿದ ಮೇಲೆ ನಾನು ಕೂರುವ ರೀತಿಯೇ ಬದಲಾಯಿತು.

ನಮ್ಮ ಗಮನ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ‘ಮಲೆಗಳಲ್ಲಿ ಮದುಮಗಳು’ ಪ್ರಯೋಗದ ಉದಾಹರಣೆ ಕೊಡುತ್ತೇನೆ. ಕುವೆಂಪು ಅವರ 1967ರ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಮೈಸೂರಿನ ರಂಗಾಯಣ 2010ರಲ್ಲಿ ರಂಗಕ್ಕೆ ತಂದಿತು. ಮುಂದೆ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲೂ ಆಡಿದರು. ಸುಮಾರು 9 ಗಂಟೆಯ ನಾಟಕ. ರಾತ್ರಿ ಊಟದ ಹೊತ್ತಿಗೆ ಶುರುವಾದರೆ ಬೆಳಗಾಗುವಾಗ ಮುಗಿಯುವುದು. ಒಂದು ರಂಗಸ್ಥಳದಲ್ಲಿ ಕತೆ ಒಂದು ಘಟ್ಟಕ್ಕೆ ಬಂದರೆ ಪ್ರೇಕ್ಷಕರು ಎದ್ದು ಇನ್ನೊಂದಕ್ಕೆ ನಡೆಯಬೇಕು. ಕೋವಿಡ್‌ಗೂ ಮೊದಲು ಗೆಳತಿಯ ಬಲವಂತಕ್ಕೆ ಹೋಗಿದ್ದೆ. ಹೊದಿಕೆ ಸುತ್ತಿಕೊಂಡ ಅಜ್ಜಂದಿರು, ಮಡಿಲಲ್ಲಿ ಮಲಗಿದ ಮಕ್ಕಳು, ಕಾಲೇಜಿನ ಹುಡುಗರು ಎಲ್ಲ ಒಟ್ಟಿಗೆ ಎದ್ದು, ಒಟ್ಟಿಗೆ ನಡೆದು, ಮತ್ತೆ ಜಾಗ ಹಿಡಿದು ಕೂರುತ್ತಿದ್ದರು. ನಡುರಾತ್ರಿಯಲ್ಲಿ ನನ್ನ ಫೋನಿನ ಚಾರ್ಜ್ ಮುಗಿಯಿತು. ನನಗದು ತಿಳಿದದ್ದು ಬೆಳಿಗ್ಗೆ ಆಟೋ ಕರೆಯಲು ಹೊರಟಾಗ.

ನಾಟಕ ನೋಡುವುದು ವಾರಕ್ಕೊಂದು ಸಂಜೆ. ಉಳಿದ ಸಂಜೆಗಳಿಗೆ ದಾರಿ ತೋರಿಸಿದ್ದು ತಾಲೀಮು. ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಒಂದು ಹವ್ಯಾಸಿ ತಂಡದ ನಾಟಕ ಮುಗಿದಾಗ, ‘ರಂಗದ ಹಿಂದೆ ಕೆಲಸಕ್ಕೆ ಜನ ಬೇಕು, ಅನುಭವ ಬೇಡ’ ಎಂದು ಹೇಳಿದರು. ಹೋದೆ. ಬೆಂಗಳೂರಿನ ಹವ್ಯಾಸಿ ರಂಗಭೂಮಿಯನ್ನು ಉಳಿಸಿಕೊಂಡು ಬಂದವರು ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿಗಳಲ್ಲಿ ದುಡಿದು ಸಂಜೆ ತಾಲೀಮಿಗೆ ಓಡುತ್ತಿದ್ದವರು. ಈಗ ಆ ಸಾಲಿಗೆ ಸಾಫ್ಟ್‌ವೇರಿನವರೂ ಸೇರಿದ್ದಾರೆ. ನಮ್ಮ ತಂಡದಲ್ಲಿ ಒಬ್ಬರು ಟೈಲರ್, ಒಬ್ಬರು ಲೆಕ್ಚರರ್, ಒಬ್ಬ ಬಸ್ ಕಂಡಕ್ಟರ್, ಇಬ್ಬರು ಕೋಡಿಂಗ್ ಮಾಡುವ ಹುಡುಗರು. ಮಕ್ಕಳು ಮನೆಗೆ ಹೋದ ಮೇಲೆ ಶಾಲೆಯೊಂದರ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ತಾಲೀಮು.

ನಾಟಕ ಕೈಲಾಸಂ ಅವರದು, ಹಳೆಯ ಬೆಂಗಳೂರಿನ ಮನೆಯೊಂದರ ಕತೆ. ನನ್ನ ಪಾಲಿಗೆ ಬಂದದ್ದು ಪ್ರಾಪರ್ಟಿ ನೋಡಿಕೊಳ್ಳುವುದು: ಪೇಟ, ಕೊಡೆ, ಕಾಫಿ ಲೋಟ, ಕಾಗದ. ಜೊತೆಗೆ ಇನ್ನೊಂದು ಕೆಲಸ, ಬಾಗಿಲು ತಟ್ಟುವುದು. ರಂಗದ ಮೇಲೆ ಬಾಗಿಲಿಲ್ಲ, ಚೌಕಟ್ಟು ಮಾತ್ರ. ಯಾರಾದರೂ ಬಂದಂತೆ ತೋರಬೇಕಾದಾಗ ನಾನು ಪಕ್ಕದ ಪರದೆಯ ಹಿಂದೆ ನಿಂತು ಹಲಗೆಯ ಮೇಲೆ ಮೂರು ಸಲ ತಟ್ಟಬೇಕು. ತಟ್ಟುವುದು ಒಂದು ಉಸಿರು ತಡವಾದರೂ ರಂಗದ ಮೇಲಿನವರು ಮಾತು ಮುಗಿಸಿ ಮುಖ ಮುಖ ನೋಡಿಕೊಳ್ಳಬೇಕಾಗುತ್ತದೆ. ಒಂದು ದಿನ ಆಫೀಸಿನ ಕರೆ ಇದೆ, ಬರಲಾಗುವುದಿಲ್ಲ ಎಂದು ತಿಳಿಸಿದೆ. ಕಂಡಕ್ಟರ್ ಹುಡುಗ ತಿರುಗಿ ಕೇಳಿದ, “ನೀವು ಬರ್ಲಿಲ್ಲ ಅಂದ್ರೆ ಬಾಗ್ಲು ಯಾರು ತಟ್ಟೋದು ಅಕ್ಕ?” ಅಷ್ಟು ಸಣ್ಣ ಕೆಲಸಕ್ಕೆ ನನ್ನನ್ನು ಯಾರೋ ಕಾಯುತ್ತಿದ್ದಾರೆ ಎಂಬುದು ಯಾವ ಆ್ಯಪಿನ ಎಚ್ಚರಿಕೆಗಿಂತ ಗಟ್ಟಿಯಾಗಿ ಕೇಳಿಸಿತು. ಆಫೀಸಿನ ಕರೆಯನ್ನು ಮರುದಿನ ಬೆಳಿಗ್ಗೆಗೆ ಹಾಕಿಸಿಕೊಂಡು ಹೋದೆ.

ಪ್ರದರ್ಶನದ ದಿನ ಇನ್ನೊಂದು ಪಾಠವಾಯಿತು. ಯಜಮಾನರ ಪಾತ್ರ ಮಾಡಿದವರು ಕಾಗದ ಓದಬೇಕು. ಕನ್ನಡಕ ಹಾಕಿಕೊಳ್ಳಲು ಬಿಡಿಸುತ್ತಿದ್ದಂತೆ ಅದರ ಕಡ್ಡಿ ಕಳಚಿ ಕೈಗೇ ಬಂತು. ನಾನು ಪರದೆಯ ಹಿಂದೆ ಹಲಗೆ ಹಿಡಿದು ಕಲ್ಲಾದೆ. ಅವರು ಕಡ್ಡಿಯನ್ನೊಮ್ಮೆ ನೋಡಿ, ಕಾಗದವನ್ನು ಸೊಸೆಯ ಪಾತ್ರದವಳ ಕಡೆ ಚಾಚಿ, “ಈ ಮನೇಲಿ ನನ್ನ ಮಾತು ಕೇಳೋದು ಇದೊಂದು ಕನ್ನಡಕ ಅಂದ್ಕೊಂಡಿದ್ದೆ. ನೀನೇ ಓದಮ್ಮ” ಎಂದರು. ಸಭೆ ಗೊಳ್ಳೆಂದು ನಕ್ಕಿತು. ಅವಳು ಒಂದಕ್ಷರ ತಪ್ಪದೆ ಓದಿದಳು, ತಾಲೀಮಿನಲ್ಲಿ ಕೇಳಿ ಕೇಳಿ ಎಲ್ಲರ ಮಾತೂ ಎಲ್ಲರಿಗೂ ಬಾಯಿಪಾಠವಾಗಿತ್ತು. ಅಳಿಸಿ ತಿದ್ದುವ ಅವಕಾಶವಿಲ್ಲದ ಕಡೆ ಜನ ಒಬ್ಬರನ್ನೊಬ್ಬರು ಹೇಗೆ ಎತ್ತಿ ಹಿಡಿಯುತ್ತಾರೆ ಎಂದು ಅವತ್ತು ನೋಡಿದೆ. ಕಳಿಸಿದ ಮೆಸೇಜನ್ನು ಅಳಿಸಿ ಬದುಕುವ ನಮಗೆ ಈ ಅಭ್ಯಾಸ ತಪ್ಪಿಹೋಗಿದೆ.

ಇದೆಲ್ಲ ನಗರದ ಹುಚ್ಚು ಎಂದುಕೊಳ್ಳಬೇಕಿಲ್ಲ. ನಮ್ಮ ತಿಪಟೂರು ಸೀಮೆಯಲ್ಲಿ ಜಾತ್ರೆ ಹಬ್ಬಕ್ಕೆ ಇಂದಿಗೂ ರಾತ್ರಿಯಿಡೀ ‘ಕುರುಕ್ಷೇತ್ರ’ ಆಡುತ್ತಾರೆ. ತೆಂಗಿನ ತೋಟದವರು, ಅಂಗಡಿಯವರು, ಮೇಷ್ಟ್ರುಗಳು ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಹೇಳಿಕೊಡುತ್ತಾರೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯೂ ಅದೇ ಜಿಲ್ಲೆಯದು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದ ಸುದ್ದಿಯನ್ನು ನಮ್ಮಜ್ಜಿ ಬಾಯಲ್ಲಿ ಕೇಳಿ ಬೆಳೆದವಳು ನಾನು. ರಾತ್ರಿ ಎಂಟಕ್ಕೆ ಫೋನ್ ಮಾಡುವ ಅಮ್ಮನಿಗೆ, ಆ ಹೊತ್ತಿಗೆ ತಾಲೀಮು ಇರುತ್ತೆ, ಫೋನ್ ತೆಗೆಯಲ್ಲ ಎಂದಾಗ ಬೈಯುತ್ತಾಳೇನೋ ಎಂದುಕೊಂಡಿದ್ದೆ. “ನಿಮ್ಮಜ್ಜಿ ನಾಟ್ಕ ಅಂದ್ರೆ ಒಲೆ ಮೇಲಿನ ಪಾತ್ರೆನೂ ಬಿಟ್ಟು ಹೋಗೋಳು. ಬೆಳಿಗ್ಗೆ ಮಾಡ್ತೀನಿ ಬಿಡು” ಎಂದಳು.

ಫೋನಿನ ಹಂಗಿಲ್ಲದೆ ಈ ಕೂಟಗಳು ನಡೆಯುತ್ತವೆ ಎಂದರೆ ಸುಳ್ಳಾಗುತ್ತದೆ. ನಾಟಕದ ಸುದ್ದಿ, ಟಿಕೆಟ್, ತಾಲೀಮಿನ ಹೊತ್ತು ಎಲ್ಲವೂ ಬರುವುದು ಅದರಲ್ಲೇ. ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಕ್ರಮೇಣ ಗುಡ್ ಮಾರ್ನಿಂಗ್ ಹೂಗಳು, ಅದರ ಹಿಂದೆಯೇ ರಾಜಕೀಯದ ಫಾರ್ವರ್ಡುಗಳು ಬಂದವು. ತಾಲೀಮಿನಲ್ಲಿ ಹೆಗಲಿಗೆ ಹೆಗಲು ಕೊಟ್ಟವರು ಗ್ರೂಪಿನಲ್ಲಿ ಜಗಳಕ್ಕೆ ನಿಂತರು. ನಿರ್ದೇಶಕರು ಅಡ್ಮಿನ್ ಬಿಟ್ಟು ಬೇರೆಯವರು ಏನೂ ಹಾಕದಂತೆ ಮಾಡಿದರು: ದಿನ, ಹೊತ್ತು, ಜಾಗ, ಇಷ್ಟೇ. ಮಾತೇನಿದ್ದರೂ ಟೀ ಕುಡಿಯುವಾಗ. ಯಾವ ಕೂಟ ಕಟ್ಟುವವರೂ ಮೊದಲ ದಿನವೇ ಮಾಡಬೇಕಾದ ಕೆಲಸ ಇದು.

ಹೊರಡಬೇಕೆನ್ನುವವರಿಗೆ ಇನ್ನೊಂದೆರಡು ಮಾತು. ಜೊತೆಗೆ ಯಾರಾದರೂ ಬರಲಿ ಎಂದು ಕಾಯಬೇಡಿ. ಒಬ್ಬರೇ ಬಂದವರನ್ನು ಜನ ಬೇಗ ಮಾತಾಡಿಸುತ್ತಾರೆ. ಹತ್ತು ಕೂಟಗಳ ರುಚಿ ನೋಡುವುದಕ್ಕಿಂತ ಒಂದೇ ಕಡೆ ಮತ್ತೆ ಮತ್ತೆ ಹೋಗಿ, ಪರಿಚಯ ಬೆಳೆಯುವುದು ಹಾಗೆ. ಮನೆಗೆ ಹತ್ತಿರದ ಜಾಗವನ್ನೇ ಆರಿಸಿ. ಊರಾಚೆಯ ಕೂಟ ಎಷ್ಟೇ ಚೆನ್ನಾಗಿದ್ದರೂ ಟ್ರಾಫಿಕ್ಕು ಎರಡನೇ ವಾರಕ್ಕೆ ಸೋಲಿಸುತ್ತದೆ. ರಾತ್ರಿ ತಡವಾದರೆ ಅದೇ ದಿಕ್ಕಿಗೆ ಹೋಗುವವರ ಜೊತೆ ಆಟೋ ಹಂಚಿಕೊಳ್ಳಿ, ನಾಟಕದ ಮುಕ್ಕಾಲು ಚರ್ಚೆ ನಡೆಯುವುದೇ ಅಲ್ಲಿ.

ನನ್ನ ಕೆಲಸ ಈಗಲೂ ಪರದೆಯ ಮುಂದೆಯೇ. ಫೋನ್ ಈಗಲೂ ಕೈಯಳತೆಯಲ್ಲೇ ಇರುತ್ತದೆ. ಆದರೆ ವಾರದಲ್ಲಿ ಕೆಲವು ಸಂಜೆ ಅದು ಬೇಡವಾಗುತ್ತದೆ. ಬಿಡಬೇಕು ಎಂದು ಆ ಸಂಜೆಗಳಲ್ಲಿ ನನಗೆ ನಾನೇ ಹೇಳಿಕೊಳ್ಳುವುದಿಲ್ಲ. ನಿಮ್ಮೂರಿನಲ್ಲೂ ಒಂದು ರಂಗಮಂದಿರವೋ ಭಜನಾ ಮಂಡಳಿಯೋ ಯಕ್ಷಗಾನ ಮೇಳವೋ ಇದ್ದೇ ಇರುತ್ತದೆ. 1985ರಿಂದ ಊರೂರು ಸುತ್ತುವ ಹೆಗ್ಗೋಡಿನ ನೀನಾಸಂ ತಿರುಗಾಟ ನಿಮ್ಮ ಹತ್ತಿರದ ಊರಿಗೆ ಬಂದರೆ ತಪ್ಪಿಸಿಕೊಳ್ಳಬೇಡಿ. ಹೋಗಿ, ಮುಂದಿನ ಸಾಲಿನಲ್ಲಿ ಕೂತು ನೋಡಿ. ಮುಗಿದ ಮೇಲೆ ತಂಡದವರು ಕೈ ಸಾಲದು ಎಂದರೆ ಒಂದು ಸಣ್ಣ ಕೆಲಸ ಒಪ್ಪಿಕೊಳ್ಳಿ. ಕೆಲಸ ಒಪ್ಪಿಕೊಂಡವರನ್ನು ಫೋನ್ ಅಷ್ಟು ಸುಲಭವಾಗಿ ಮನೆಯಲ್ಲಿ ಕೂರಿಸಿಕೊಳ್ಳಲಾರದು.