ಮನೆಯಲ್ಲೇ ಪಾಡ್‌ಕಾಸ್ಟ್ ಮಾಡುವವರಿಗೆ ಸೂಚನೆ

ಮಾಡಬೇಕಾದ್ದು

ಮೊದಲು ಕೋಣೆ ನೋಡಿಕೊಳ್ಳಿ, ಮೈಕಿನ ಮಾತು ಆಮೇಲೆ. ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿಯ ಹಾಲ್‌ನಲ್ಲಿ ಎಂಥ ದುಬಾರಿ ಯುಎಸ್‌ಬಿ ಮೈಕ್ ಇಟ್ಟರೂ ದನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಹಾಸಿಗೆ, ಪರದೆ, ಬಟ್ಟೆ ತುಂಬಿದ ಬೀರು ಇರುವ ಮಲಗುವ ಕೋಣೆಯೇ ಸರಿ. ಬೀರುವಿನ ಬಾಗಿಲು ತೆರೆದು ಬಟ್ಟೆಗಳ ಕಡೆ ಮುಖಮಾಡಿ ಕೂರಿ. ಬೆನ್ನ ಹಿಂದಿನ ಗೋಡೆಗೂ ಕಂಬಳಿ ತೂಗುಹಾಕಿ, ಮೈಕ್ ನೋಡುತ್ತಿರುವುದು ಆ ಗೋಡೆಯನ್ನೇ.

ಫ್ಯಾನ್ ಆರಿಸಲೇಬೇಕು. ಸೆಖೆಯಾದರೆ ನಡುನಡುವೆ ನಿಲ್ಲಿಸಿ ಗಾಳಿ ಹಾಕಿಕೊಳ್ಳಿ. ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಕೇಳಿಸಿದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಲ್ಯಾಪ್‌ಟಾಪ್ ನಡೆಸಿ.

ಬಾಯಿಗೂ ಮೈಕಿಗೂ ಗೇಣಿಗಿಂತ ಹೆಚ್ಚು ದೂರ ಬೇಡ. 10ರಿಂದ 15 ಸೆಂಟಿಮೀಟರ್ ಉತ್ತಮ. ದೂರ ಎರಡು ಪಟ್ಟಾದರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಪ್ರತಿಧ್ವನಿ ಇದ್ದಷ್ಟೇ ಉಳಿಯುತ್ತದೆ. ಮೈಕನ್ನು ತುಸು ಓರೆಯಾಗಿಡಿ. ಪ, ಫ, ಬ, ಭ ಅಕ್ಷರಗಳ ಉಸಿರು ನೇರ ಬಡಿಯಬಾರದು. ಬ್ಲೂ ಯೆಟಿಯಂಥ ಮೈಕಿಗೆ ಮಾತಾಡಬೇಕಾದ್ದು ಎದೆಗೆ, ನೆತ್ತಿಗಲ್ಲ. ಸ್ಯಾಮ್ಸನ್ ಕ್ಯೂ2ಯು ಆದರೆ ತುದಿಗೇ.

ರೆಕಾರ್ಡಿಂಗ್ ತಂತ್ರಾಂಶ ಆಡಾಸಿಟಿಯಲ್ಲಿ ಯುಎಸ್‌ಬಿ ಮೈಕನ್ನೇ ಆರಿಸಿದ್ದೀರಾ ಎಂದು ಖಚಿತಪಡಿಸಿಕೊಳ್ಳಿ. ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಸದ್ದು ಜೋರಾಗಿ ಬಂದರೆ ಸರಿ, ಇಲ್ಲವಾದರೆ ಲ್ಯಾಪ್‌ಟಾಪಿನ ಸ್ವಂತ ಮೈಕೇ ಕೇಳಿಸಿಕೊಳ್ಳುತ್ತಿದೆ. ಒಬ್ಬರ ದನಿಗೆ ಮೋನೋ ಸಾಕು. ದನಿಯ ಏರು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲಲಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಮೊದಲಿನಂತೆ ಮಾಡಲಾಗದು. ಮೂಲವನ್ನು ವೇವ್ ಕಡತವಾಗಿ ಉಳಿಸಿ. ಒಂದು ಗಂಟೆಗೆ ಸುಮಾರು 300 ಎಂಬಿ ಆದೀತು, ಆಗಲಿ.

ಮಾಡಬಾರದ್ದು

‘ಆಮೇಲೆ ಎಡಿಟಿಂಗ್‌ನಲ್ಲಿ ಸರಿಮಾಡೋಣ’ ಎನ್ನಕೂಡದು. ನಾನು ಗಟ್ಟಿಯಾಗಿ ಹೇಳಬೇಕಾದ ಮಾತು ಇದೇ. ಫ್ಯಾನಿನ ಸದ್ದು ತೆಗೆಯಲೆಂದು ನಾಯ್ಸ್ ರಿಡಕ್ಷನ್ ಅತಿಯಾಗಿ ಹಾಕಿದರೆ ಅದು ಮೊದಲು ತಿನ್ನುವುದು ಸ, ಶ, ಹ ಅಕ್ಷರಗಳನ್ನು, ಏಕೆಂದರೆ ಅವೂ ಗಾಳಿಯ ಸದ್ದುಗಳೇ. ಹಾಲು ‘ಆಲು’ ಆಗುತ್ತದೆ, ಹಕ್ಕಿ ‘ಅಕ್ಕಿ’ಯಾಗುತ್ತದೆ. ಊರಿನ ರೂಢಿಯಂತೆ ಹಾಗೆಯೇ ಆಡುವವರು ಹಾಗೆಯೇ ಆಡಲಿ, ಅದು ಅವರ ಕನ್ನಡ. ಅದನ್ನು ತಂತ್ರಾಂಶ ತೀರ್ಮಾನಿಸಕೂಡದು. ಅದೇ ಕಾರಣಕ್ಕೆ, ಮೈಕ್ ಕಂಡೊಡನೆ ರೇಡಿಯೋ ದನಿ ತಂದುಕೊಳ್ಳಬೇಡಿ. ಧಾರವಾಡದವರು ಧಾರವಾಡದಂತೆ, ಕುಂದಾಪುರದವರು ಕುಂದಾಪುರದಂತೆ ಮಾತಾಡಿ.

ಒಂದೇ ಲ್ಯಾಪ್‌ಟಾಪಿಗೆ ಎರಡು ಯುಎಸ್‌ಬಿ ಮೈಕ್ ಸಿಕ್ಕಿಸಬೇಡಿ. ಆಡಾಸಿಟಿ ಒಮ್ಮೆಗೆ ಒಂದು ಸಾಧನದಿಂದ ಮಾತ್ರ ದನಿ ತೆಗೆದುಕೊಳ್ಳುತ್ತದೆ. ಅತಿಥಿ ಬಂದರೆ ಅವರ ದನಿಯನ್ನು ಅವರ ಫೋನಿನಲ್ಲೇ ರೆಕಾರ್ಡ್ ಮಾಡಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎರಡೂ ಕಡತಗಳನ್ನು ಅದರ ಗುರುತಿನಲ್ಲಿ ಜೋಡಿಸಬಹುದು. ಬ್ಲೂಟೂತ್ ಇಯರ್‌ಫೋನ್ ಬೇಡ, ದನಿ ತಡವಾಗಿ ಕೇಳಿ ನಾಲಗೆ ತೊಡರುತ್ತದೆ. ಮೈಕಿನಲ್ಲೇ ತೂತಿದ್ದರೆ ವೈರಿನ ಹೆಡ್‌ಫೋನ್ ಅಲ್ಲಿಗೇ ಹಾಕಿ.

ಸಿನಿಮಾ ಹಾಡಿನ ತುಣುಕನ್ನು ಹಿನ್ನೆಲೆಗೆ ಅನುಮತಿಯಿಲ್ಲದೆ ಹಾಕಬಾರದು. ಸಾಹಿತ್ಯ ಓದುವವರಂತೂ ಇನ್ನೂ ಎಚ್ಚರ ವಹಿಸಬೇಕು. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1975ರಲ್ಲಿ ತೀರಿಕೊಂಡ ಡಿವಿಜಿಯವರ ಕೃತಿಗಳಿಗೆ 2035ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ. ಡಿವಿಜಿಯವರ ಕಗ್ಗವನ್ನು ಪೂರ್ತಿ ಓದಿ ಕಂತುಕಂತಾಗಿ ಹಾಕುವ ಆಸೆಯಿದ್ದರೆ ಮೊದಲು ಹಕ್ಕುದಾರರಿಗೆ ಪತ್ರ ಬರೆಯಿರಿ. ಉತ್ತರ ಬರುವವರೆಗೆ ಕೈಲಾಸಂ, ಬಿಎಂಶ್ರೀ ಅವರ ಕೃತಿಗಳನ್ನು ಓದಬಹುದು. ಇಬ್ಬರೂ ತೀರಿಕೊಂಡದ್ದು 1946ರಲ್ಲಿ.